ಹಳಗನ್ನಡದ ಪಾಠವೂ ಬೆಳಕಿನ ಪರದೆಯೂ

೧

ಕಾಲೇಜಿನ ತರಗತಿಗಳಲ್ಲಿ ಡಿಜಿಟಲ್ ತಂತ್ರಜ್ಞಾನವನ್ನು ಬಳಸಬೇಕೆ ಬೇಡವೆ ಎಂಬುದು ಈಗ ವಿಚಾರಕ್ಕೆ ಉಳಿದಿರುವ ವಿಷಯವಲ್ಲ. ೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ನಿಮಿತ್ತವಾಗಿ ವಿದ್ಯಾಶಾಲೆಗಳೆಲ್ಲವೂ ಮುಚ್ಚಿದಾಗ, ಒಲ್ಲೆನೆಂದಿದ್ದವರೂ ಅದನ್ನು ಕೈಗೆ ತೆಗೆದುಕೊಳ್ಳಲೇಬೇಕಾಯಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಹೊರಬಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯು ಅದಕ್ಕೆ ಮನ್ನಣೆಯನ್ನು ಕೊಟ್ಟಿತು. ೨೦೧೭ರಲ್ಲಿ ಆರಂಭವಾದ ‘ಸ್ವಯಂ’ ಎಂಬ ಕೇಂದ್ರಸರ್ಕಾರದ ವ್ಯವಸ್ಥೆಯ ಪಾಠಗಳನ್ನು ಕೇಳಿ ವಿದ್ಯಾರ್ಥಿಯು ಒಂದು ಸೆಮಿಸ್ಟರಿನ ವ್ಯಾಸಂಗದಲ್ಲಿ ನೂರಕ್ಕೆ ೪೦ ಭಾಗದವರೆಗೆ ಗಳಿಸಿಕೊಳ್ಳಬಹುದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೨೧ರ ನಿಯಮಾವಳಿಯಲ್ಲಿ ವಿಧಿಸಿತು. ಕಾಲೇಜುಗಳ ಗುಣವನ್ನು ಅಳೆಯುವುದಕ್ಕಾಗಿ ೧೯೯೪ರಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆಯೂ ಅಧ್ಯಾಪಕರು ಇಂತಹ ಸಾಧನಗಳನ್ನು ಬಳಸುತ್ತಿರುವರೆ ಎಂದು ವಿಚಾರಿಸುತ್ತ ಬಂದಿತು. ಆದುದರಿಂದ ಸಾಧನವು ಬಂದಾಯಿತು. ಅದನ್ನು ಹೊರಗಟ್ಟುವ ಮಾತು ವ್ಯರ್ಥ.

ಆದರೆ ಎಲ್ಲಿ, ಯಾವಾಗ, ಯಾವ ಪಾಠಕ್ಕೆ ಎಂಬ ವಿಚಾರವು ಇನ್ನೂ ಉಳಿದಿದೆ. ಸಾಧನವನ್ನು ಹೊಗಳುವವರು ಎಲ್ಲ ವಿಷಯಗಳನ್ನೂ ಒಂದೇ ಎಂಬಂತೆ ಎಣಿಸಿ ಮಾತನಾಡುತ್ತಾರೆ, ತೆಗಳುವವರೂ ಹಾಗೆಯೇ. ಹೃದಯದ ಕವಾಟಗಳು ತೆರೆದು ಮುಚ್ಚುವ ಬಗೆಯನ್ನು ಚಲಿಸುವ ಚಿತ್ರದಿಂದ ತೋರಿಸುವುದೂ, ಒಂದು ಚಂಪೂಕಾವ್ಯದ ವೃತ್ತವನ್ನು ಬಿಡಿಸಿ ಹೇಳುವುದೂ ಒಂದೇ ಕಾರ್ಯವಲ್ಲ. ಮೊದಲನೆಯದರಲ್ಲಿ ಪರದೆಯಿಂದಾಗುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಎರಡನೆಯದರಲ್ಲಿ ಅದರ ಸ್ಥಾನವೇನೆಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸುವೆನು. ಏಕೆಂದರೆ ಪದವಿ ತರಗತಿಗಳಲ್ಲಿ ಹಳಗನ್ನಡಕ್ಕೆ ದೊರೆಯುವ ಗಂಟೆಗಳೇ ಕೆಲವು; ಅವನ್ನು ಹೇಗೆ ಕಳೆಯುತ್ತೇವೆ ಎಂಬುದರ ಮೇಲೆ, ಮುಂದಿನ ತಲೆಯವರಲ್ಲಿ ಪಂಪರನ್ನರನ್ನು ತಾವೇ ಓದಬಲ್ಲವರು ಇರುವರೋ ಇಲ್ಲವೋ ಎಂಬುದು ನಿಂತಿದೆ.

೨

ವಿಚಾರಕ್ಕೆ ಒಂದು ಅಳತೆಗೋಲು ಬೇಕು. ಅದನ್ನು ಹೊರಗಿನಿಂದ ತರಬೇಕಾಗಿಲ್ಲ. ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ, ವಿದ್ಯೆಯು ನಾಲ್ಕು ಕಾಲಗಳಲ್ಲಿ ಉಪಯೋಗವನ್ನು ಪಡೆಯುತ್ತದೆಂದು ಹೇಳಿದ್ದಾನೆ: ಗುರುವಿನಿಂದ ಗ್ರಹಿಸುವ ಆಗಮಕಾಲ, ತಾನೇ ಆವರ್ತನೆ ಮಾಡುವ ಸ್ವಾಧ್ಯಾಯಕಾಲ, ಅನ್ಯರಿಗೆ ಹೇಳುವ ಪ್ರವಚನಕಾಲ, ಕಾರ್ಯದಲ್ಲಿ ತೊಡಗಿಸುವ ವ್ಯವಹಾರಕಾಲ. ಈ ವಿಭಾಗವು ಎರಡು ಸಾವಿರ ವರ್ಷಗಳಿಗೂ ಹಿಂದಿನದಾದರೂ ಪ್ರಕೃತಕ್ಕೆ ಸರಿಯಾಗಿ ಹೊಂದುತ್ತದೆ. ಡಿಜಿಟಲ್ ಸಾಧನದ ವಿಷಯದಲ್ಲಿ ಈಗ ನಡೆಯುತ್ತಿರುವ ವಿವಾದದ ಬಹುಭಾಗವು ಈ ನಾಲ್ಕು ಕಾಲಗಳನ್ನು ಒಂದರಲ್ಲೊಂದು ಬೆರೆಸಿದ್ದರ ಫಲ. ಸ್ವಾಧ್ಯಾಯದಲ್ಲಿ ಅಮೃತವಾಗುವುದು ಆಗಮದಲ್ಲಿ ವಿಘ್ನವಾಗಬಹುದು.

ಅದೇ ಪ್ರಕರಣದಲ್ಲಿ ಭಾಷ್ಯಕಾರನು ಮತ್ತೊಂದು ಕಥೆಯನ್ನು ಸ್ಮರಿಸುತ್ತಾನೆ. ಬೃಹಸ್ಪತಿಯು ಇಂದ್ರನಿಗೆ ಸಾವಿರ ದಿವ್ಯವರ್ಷಗಳ ಕಾಲ ಶಬ್ದಗಳನ್ನು ಒಂದೊಂದಾಗಿ ಹೇಳುತ್ತ ಹೋದನಂತೆ. ಆದರೂ ಕೊನೆಯನ್ನು ಮುಟ್ಟಲಿಲ್ಲ. ಹೇಳುವವನು ಬೃಹಸ್ಪತಿ, ಕೇಳುವವನು ಇಂದ್ರ, ಕಾಲವೋ ಸಾವಿರ ದಿವ್ಯವರ್ಷ. ಹಾಗಿದ್ದೂ ಮುಗಿಯದ ಮೇಲೆ ನೂರು ವರ್ಷ ಬದುಕುವ ಮನುಷ್ಯನ ಪಾಡೇನು? ಆದುದರಿಂದ ಪದಪದವನ್ನೂ ಒಪ್ಪಿಸುವುದು ವಿದ್ಯೆಗೆ ಉಪಾಯವಲ್ಲ; ಸಾಮಾನ್ಯ ಲಕ್ಷಣವನ್ನೂ ಅದರ ಅಪವಾದವನ್ನೂ ಕಲಿಸಿದರೆ, ಅಲ್ಪ ಪ್ರಯತ್ನದಿಂದಲೇ ಮಹತ್ತಾದ ಶಬ್ದರಾಶಿಯು ಕೈವಶವಾಗುತ್ತದೆ ಎಂಬುದು ಅವನ ಸಿದ್ಧಾಂತ.

ಇಂದಿನ ಗಣಕಯಂತ್ರವು ಬೃಹಸ್ಪತಿಯ ಆ ಪ್ರತಿಪದಪಾಠವನ್ನು ಸಾಧ್ಯಮಾಡಿಕೊಟ್ಟಿದೆ ಎಂದು ಹೇಳಬಹುದು. ನಿಘಂಟುಗಳೂ ಕಾವ್ಯಗಳೂ ಶಾಸನಗಳೂ ಒಂದು ಕೈಪೆಟ್ಟಿಗೆಯಷ್ಟು ಜಾಗದಲ್ಲಿ ಅಡಗುತ್ತವೆ. ಕಿಟೆಲರು ೧೮೯೪ರಲ್ಲಿ ಅಚ್ಚುಹಾಕಿಸಿದ ದೊಡ್ಡ ನಿಘಂಟನ್ನು ಹೊತ್ತುಕೊಂಡು ತರಗತಿಗೆ ಹೋಗುವ ಅಧ್ಯಾಪಕನು ಹಿಂದೆ ಯಾರಿದ್ದನು? ಈಗ ಅದು ವಿದ್ಯಾರ್ಥಿಯ ಜೇಬಿನೊಳಗೆ ಇದೆ. ಆದರೆ ಪತಂಜಲಿಯ ಆಕ್ಷೇಪವು ಕಾಲ ಸಾಲದೆಂಬುದಷ್ಟೇ ಅಲ್ಲ. ರಾಶಿಯು ಎಷ್ಟೇ ಸುಲಭವಾಗಿ ಸಿಕ್ಕಿದರೂ ಅದು ರಾಶಿಯೇ, ಲಕ್ಷಣವಲ್ಲ. ಕೋಶವು ತುಂಬಿತೆಂದಮಾತ್ರಕ್ಕೆ ಬುದ್ಧಿಯು ತುಂಬುವುದಿಲ್ಲ.

೩

ಮೊದಲು ಆಗಮಕಾಲವನ್ನು ತೆಗೆದುಕೊಳ್ಳೋಣ, ತರಗತಿಯೆಂದರೆ ಅದೇ. ಈಗ ಅಲ್ಲಿ ಬಹುತೇಕ ಕಾಣುವ ಸಾಧನವು ೧೯೮೭ರಲ್ಲಿ ಹುಟ್ಟಿದ ಪವರ್‌ಪಾಯಿಂಟ್ ಮತ್ತು ಅದರ ಜಾತಿಯ ಸ್ಲೈಡುಗಳು. ಪದ್ಯ, ಅದರ ಕೆಳಗೆ ಪದಗಳ ಅರ್ಥ, ಅದರ ಕೆಳಗೆ ಭಾವಾರ್ಥ, ಪಕ್ಕದಲ್ಲಿ ಅಲಂಕಾರದ ಹೆಸರು: ಇವೆಲ್ಲವೂ ಒಂದೇ ಕ್ಷಣದಲ್ಲಿ ಪರದೆಯ ಮೇಲೆ ಮೂಡುತ್ತವೆ. ಅಧ್ಯಾಪಕನು ಅದನ್ನು ನೋಡಿಕೊಂಡು ಓದುತ್ತಾನೆ; ವಿದ್ಯಾರ್ಥಿಗಳು ಅದರ ಛಾಯಾಚಿತ್ರವನ್ನು ತೆಗೆದುಕೊಂಡು ತಮ್ಮ ಕರ್ತವ್ಯವು ಮುಗಿಯಿತೆಂದು ಭಾವಿಸುತ್ತಾರೆ.

ಪಾಣಿನೀಯ ಶಿಕ್ಷೆಯು ಅಧಮ ಪಾಠಕರು ಆರು ಬಗೆಯವರೆಂದು ಎಣಿಸಿದೆ. ರಾಗವೆಳೆಯುವವನು, ಅವಸರಪಡುವವನು, ತಲೆಯಾಡಿಸುವವನು, ಅರ್ಥವರಿಯದವನು, ಕಂಠಬಲವಿಲ್ಲದವನು ಎಂಬ ಐವರ ಜೊತೆಗೆ ಲಿಖಿತಪಾಠಕನೆಂಬ ಒಬ್ಬನಿದ್ದಾನೆ. ಎಂದರೆ ಬರೆದದ್ದನ್ನು ನೋಡಿಕೊಂಡು ಓದುವವನು. ಗ್ರಂಥವನ್ನು ಮುಟ್ಟಲೇಬಾರದೆಂದು ಇದರ ಅಭಿಪ್ರಾಯವೆಂದು ಹಟಮಾಡಬೇಕಾಗಿಲ್ಲ. ಯಾರ ವಿದ್ಯೆಯು ಬರಹದಲ್ಲಿ ಮಾತ್ರ ಇದ್ದು ಕಂಠಕ್ಕೆ ಬಂದಿಲ್ಲವೋ ಅವನು ಹೇಳಿಕೊಡಲು ಅನರ್ಹನೆಂಬುದೇ ತಾತ್ಪರ್ಯ. ಸ್ಲೈಡನ್ನು ನೋಡಿ ಓದುವ ಅಧ್ಯಾಪಕನು ಈ ಪಟ್ಟಿಯೊಳಗೆ ಸೇರುವನೆಂದು ಹೇಳಿದರೆ ಕೋಪಿಸಿಕೊಳ್ಳಬಾರದು.

ದೋಷವು ಇಲ್ಲಿ ಯಂತ್ರದ್ದಲ್ಲವೆಂಬುದನ್ನೂ ಒಪ್ಪಬೇಕು. ಸ್ಲೈಡುಗಳು ಬರುವುದಕ್ಕೆ ಮುಂಚೆ, ಹಳದಿಗಟ್ಟಿದ ಕಾಗದಗಳಿಂದ ನೋಟ್ಸು ಬರೆಯಿಸುತ್ತಿದ್ದವರೂ ಲಿಖಿತಪಾಠಕರೇ. ಮಾಳವಿಕಾಗ್ನಿಮಿತ್ರದ ಮೊದಲ ಅಂಕದಲ್ಲಿ ಇಬ್ಬರು ನಾಟ್ಯಾಚಾರ್ಯರ ಕಲಹವು ರಾಜಸಭೆಗೆ ಬಂದಾಗ, ಕಾಳಿದಾಸನು ಒಂದು ವಿವೇಕವನ್ನು ಮಾಡಿಸಿದ್ದಾನೆ: ಒಬ್ಬನಲ್ಲಿ ವಿದ್ಯೆಯು ತನ್ನಲ್ಲಿ ಚೆನ್ನಾಗಿ ನೆಲಸಿರುತ್ತದೆ, ಮತ್ತೊಬ್ಬನಲ್ಲಿ ಅದನ್ನು ಪರರಿಗೆ ದಾಟಿಸುವ ಶಕ್ತಿಯು ವಿಶೇಷವಾಗಿರುತ್ತದೆ, ಎರಡೂ ಯಾರಲ್ಲಿ ಸೇರಿವೆಯೋ ಅವನೇ ಶಿಕ್ಷಕರಲ್ಲಿ ಮೊದಲಿಗನು. ಯಂತ್ರವು ಈ ಎರಡರಲ್ಲಿ ಯಾವುದನ್ನೂ ಕೊಡಲಾರದು. ಆದರೆ ಎರಡೂ ಇಲ್ಲದವನು ಅವೆರಡೂ ಇರುವವನಂತೆ ಒಂದು ಗಂಟೆಯ ಕಾಲ ಕಾಣಿಸಿಕೊಳ್ಳುವುದಕ್ಕೆ ಅದು ನೆರವಾಗುತ್ತದೆ. ನನ್ನ ಆಕ್ಷೇಪವು ಇದರ ಮೇಲೆಯೇ.

ಹಳಗನ್ನಡದ ಪದ್ಯವನ್ನು ಹೇಳಿಕೊಡುವುದಕ್ಕೆ ಒಂದು ಕ್ರಮವುಂಟು. ಮೊದಲು ವಾಚನ, ಅನಂತರ ಪದಚ್ಛೇದ, ಅನಂತರ ಅನ್ವಯ, ಅನಂತರ ಪ್ರತಿಪದಾರ್ಥ, ಕೊನೆಯಲ್ಲಿ ತಾತ್ಪರ್ಯ. ಈ ಒಂದೊಂದು ಮೆಟ್ಟಿಲಿನಲ್ಲಿಯೂ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ಆಕಾಂಕ್ಷೆ ಹುಟ್ಟಬೇಕು. ಕ್ರಿಯಾಪದವೆಲ್ಲಿ, ಕರ್ತೃ ಯಾರು, ಈ ವಿಶೇಷಣವು ಯಾವುದಕ್ಕೆ ಸೇರುತ್ತದೆ ಎಂದು ಅವನು ತಡಕಾಡಬೇಕು. ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆಯೂ ಒಂದು ಕಾರಣವೆಂದು ಶಾಸ್ತ್ರಕಾರರು ಹೇಳಿದುದು ಸುಮ್ಮನೆ ಅಲ್ಲ. ತಾತ್ಪರ್ಯವು ಮೊದಲೇ ಪರದೆಯ ಮೇಲೆ ಬೆಳಗುತ್ತಿದ್ದರೆ ತಡಕಾಡುವವರಾರು? ಹಸಿವು ಹುಟ್ಟುವ ಮೊದಲೇ ಉಣ್ಣಿಸಿದಂತಾಗುತ್ತದೆ. ಕರಿಹಲಗೆಯ ಮೇಲೆ ಅಧ್ಯಾಪಕನು ಸಂಧಿಯನ್ನು ಬಿಡಿಸಿ ಬರೆಯುವಾಗ, ಅವನ ಕೈಯ ವೇಗವೇ ವಿದ್ಯಾರ್ಥಿಯ ಬುದ್ಧಿಯ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆ ನಿಧಾನವು ದೋಷವಲ್ಲ, ಪಾಠವೆಂಬುದು ಅದೇ.

೪

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: “ಇದು ಹಳಬರ ಗೊಣಗಾಟ. ಓಲೆಗರಿಯಿಂದ ಅಚ್ಚಿಗೆ ಬಂದಾಗಲೂ ಹೀಗೆಯೇ ಅಂದವರಿದ್ದರು. ಅಚ್ಚಿನಿಂದ ವಿದ್ಯೆ ಹಾಳಾಯಿತೆ?” ಎಂದು. ಹಾಳಾಗಲಿಲ್ಲ, ಬೆಳೆಯಿತು. ೧೮೭೨ರಲ್ಲಿ ಕಿಟೆಲರು ಮಂಗಳೂರಿನಲ್ಲಿ ಶಬ್ದಮಣಿದರ್ಪಣವನ್ನು ಅಚ್ಚುಹಾಕಿಸದಿದ್ದರೆ, ಕೇಶಿರಾಜನ ಸೂತ್ರಗಳು ಇಷ್ಟು ಮಂದಿಯ ಕೈಗೆ ಸಿಕ್ಕುತ್ತಿರಲಿಲ್ಲ. ಹೊಸ ಸಾಧನದಿಂದಲೂ ಅಂತಹ ಲಾಭಗಳು ಆಗಿವೆ. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ಬೀದರಿನಲ್ಲಿಯೋ ಮಡಿಕೇರಿಯಲ್ಲಿಯೋ ಓದುವ ವಿದ್ಯಾರ್ಥಿಯು ನೋಡುವುದು ಹಿಂದೆ ಎಲ್ಲಿ ಸಾಧ್ಯವಿತ್ತು? ಈಗ ಅದರ ಅಕ್ಷರಗಳನ್ನು ಗೋಡೆಯಗಲ ಹಿಗ್ಗಿಸಿ, ಕ್ರಿಸ್ತಶಕ ಸುಮಾರು ೭೦೦ರ ಲಿಪಿಯ ಒಂದೊಂದು ಗೆರೆಯನ್ನೂ ತೋರಿಸಿ, ತ್ರಿಪದಿಯ ಪಾದಗಳು ಎಲ್ಲಿ ಮುಗಿಯುತ್ತವೆಂಬುದನ್ನು ಬೆರಳಿಟ್ಟು ತೋರಬಹುದು. ರೈಸರು ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಿಗಾಗಿ ದೊಡ್ಡ ಗ್ರಂಥಾಲಯಗಳನ್ನು ಹುಡುಕಿಕೊಂಡು ಹೋಗಬೇಕಾಗಿದ್ದ ಕಾಲವನ್ನು ನಮ್ಮ ವಯಸ್ಸಿನವರು ಬಲ್ಲರು. ಇವು ಕಣ್ಣಿನಿಂದಲೇ ಗ್ರಹಿಸತಕ್ಕ ವಿಷಯಗಳು. ಇಲ್ಲಿ ಪರದೆಯು ಆಗಮಕಾಲದಲ್ಲಿಯೂ ಯೋಗ್ಯವೇ.

ಇನ್ನು ಪರೀಕ್ಷೆಮಾಡಿ ನೋಡಿದವರ ಮಾತನ್ನೂ ಕೇಳೋಣ. ೨೦೧೮ರಲ್ಲಿ ಡೆಲ್ಗಾಡೊ ಮೊದಲಾದವರು, ೫೪ ಅಧ್ಯಯನಗಳನ್ನೂ ಅವುಗಳಲ್ಲಿ ಭಾಗವಹಿಸಿದ ೧,೭೦,೦೦೦ಕ್ಕೂ ಮಿಕ್ಕ ಓದುಗರನ್ನೂ ಒಟ್ಟುಗೂಡಿಸಿ ನೋಡಿದಾಗ, ವಿಷಯವನ್ನು ತಿಳಿಸುವ ಬರಹವನ್ನು ಕಾಗದದ ಮೇಲೆ ಓದಿದವರ ಗ್ರಹಿಕೆಯು ಪರದೆಯ ಮೇಲೆ ಓದಿದವರದಕ್ಕಿಂತ ಮೇಲಾಗಿತ್ತು. ಕೇವಲ ಕಥೆಯನ್ನು ಓದುವಲ್ಲಿ ಆ ಭೇದವು ಕಾಣಲಿಲ್ಲ. ೨೦೧೩ರಲ್ಲಿ ಕೆನಡಾ ದೇಶದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸವನ್ನೂ ಮಾಡುತ್ತಿದ್ದವರು ಮಾತ್ರವಲ್ಲ, ಅವರ ಪರದೆಯು ಕಣ್ಣಿಗೆ ಬೀಳುವಂತೆ ಕುಳಿತಿದ್ದವರೂ ಕಡಿಮೆ ಅಂಕಗಳನ್ನು ಪಡೆದರು. ಮತ್ತೊಂದು ಪಕ್ಷದ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಕೈಯಲ್ಲಿ ಟಿಪ್ಪಣಿ ಬರೆದವರು ಯಂತ್ರದಲ್ಲಿ ಒತ್ತಿದವರಿಗಿಂತ ಚೆನ್ನಾಗಿ ಗ್ರಹಿಸುವರೆಂದು ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬವರು ೨೦೧೪ರಲ್ಲಿ ಪ್ರಕಟಿಸಿದ ಪ್ರಸಿದ್ಧ ಫಲವು, ೨೦೨೧ರಲ್ಲಿ ಬೇರೆಯವರು ಅದೇ ಕ್ರಮದಿಂದ ಮಾಡಿ ನೋಡಿದಾಗ ಪುನಃ ದೊರೆಯಲಿಲ್ಲ. ಹೀಗಿರುವಾಗ ‘ಯಂತ್ರವು ಕೆಟ್ಟದ್ದು’ ಎಂಬ ಏಕವಾಕ್ಯಕ್ಕೆ ಆಧಾರವಿಲ್ಲ. ‘ಯಂತ್ರವೇ ಪ್ರಗತಿ’ ಎಂಬುದಕ್ಕೂ ಇಲ್ಲ. ಯುನೆಸ್ಕೊ ಸಂಸ್ಥೆಯು ೨೦೨೩ರಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನವನ್ನು ಕುರಿತು ಹೊರಡಿಸಿದ ಜಾಗತಿಕ ವರದಿಯ ಶಿರೋನಾಮೆಯೇ, ಈ ಸಾಧನವು ಯಾರ ಷರತ್ತಿನ ಮೇಲೆ ಎಂಬ ಪ್ರಶ್ನೆಯ ರೂಪದಲ್ಲಿದೆ. ಹಳಗನ್ನಡದ ತರಗತಿಯ ಮಟ್ಟಿಗೆ ಆ ಷರತ್ತುಗಳನ್ನು ಹಳಗನ್ನಡವೇ ಹೇಳಬೇಕು.

೫

ಮೊದಲನೆಯ ಷರತ್ತು ಅಕ್ಷರಶುದ್ಧಿ. ಹಳಗನ್ನಡದಲ್ಲಿ ಱ ಮತ್ತು ೞ ಎಂಬ ಎರಡು ಅಕ್ಷರಗಳುಂಟು. ಇಂದಿನ ಬಳಕೆಯಲ್ಲಿ ಅವು ರ ಮತ್ತು ಳ ಆಗಿಹೋಗಿವೆ. ಈ ಭೇದವು ಅಲಂಕಾರಕ್ಕಾಗಿ ಇರುವುದಲ್ಲ, ಅರ್ಥಕ್ಕಾಗಿ ಇರುವುದು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ತೆರೆ ಎಂದರೆ ಅಲೆ, ತೆಱೆ ಎಂದರೆ ಬಿಚ್ಚು. ಆಳ್ ಎಂದರೆ ಒಡೆತನ ಮಾಡು, ಆೞ್ ಎಂದರೆ ಮುಳುಗು.

ಒಂದು ಕಾಲೇಜಿನಲ್ಲಿ ನಾನು ಕಣ್ಣಾರೆ ಕಂಡ ಸಂಗತಿಯಿದು. ವ್ಯಾಕರಣದ ಪಾಠಕ್ಕೆಂದು ಪರದೆಯ ಮೇಲೆ ಒಂದು ಸಣ್ಣ ವಾಕ್ಯವನ್ನು ತೋರಿಸಿದ್ದರು: ‘ಗೋಪನ್ ಆವಂ ಕರೆದಂ’ ಎಂದು. ಇರಬೇಕಾಗಿದ್ದುದು ‘ಕಱೆದಂ’. ಗೋವಳನು ಹಸುವಿನ ಹಾಲನ್ನು ಕರೆದನೆಂಬ ಅರ್ಥವು ಹೋಗಿ, ಅವನು ಹಸುವನ್ನು ಕೂಗಿ ಕರೆದನೆಂದಾಯಿತು. ಅರವತ್ತು ಮಂದಿ ಅದನ್ನು ಹಾಗೆಯೇ ಬರೆದುಕೊಂಡರು. ಅಧ್ಯಾಪಕರು ಸಜ್ಜನರು, ಅವರಿಗೆ ಆ ಭೇದವು ತಿಳಿಯದೆ ಇರಲಿಲ್ಲ. ಬೇರೆ ಯಾರೋ ಸಿದ್ಧಪಡಿಸಿದ ಸ್ಲೈಡನ್ನು ತಂದಿದ್ದರು, ಅಷ್ಟೆ. ಕರಿಹಲಗೆಯ ಮೇಲೆ ತಾವೇ ಬರೆದಿದ್ದರೆ ಅವರ ಕೈಯೇ ತಡೆಯುತ್ತಿತ್ತು. ಒಬ್ಬನ ತಪ್ಪು ಒಂದು ತರಗತಿಯಲ್ಲಿ ನಿಲ್ಲುತ್ತಿದ್ದ ಕಾಲ ಹೋಯಿತು. ಒಂದು ಸ್ಲೈಡಿನ ತಪ್ಪು ಈಗ ಊರೂರಿಗೆ ಹೋಗುತ್ತದೆ.

ಹಾಗೆಂದು ಯಂತ್ರಕ್ಕೆ ಈ ಅಕ್ಷರಗಳು ಬಾರವೆಂದು ತಿಳಿಯಬಾರದು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಯನ್ನು ಕೊಡುವ, ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ಸಂಹಿತೆಯಲ್ಲಿ ಱ, ೞ ಎರಡಕ್ಕೂ ಸ್ಥಾನವಿದೆ. ವಿನೋದವೆಂದರೆ, ೞಕಾರಕ್ಕೆ ಅಲ್ಲಿ ಇಟ್ಟಿರುವ ಹೆಸರು ಇಂಗ್ಲಿಷಿನ ‘ಎಫ್’ ಧ್ವನಿಯ ‘ಫ’ ಎಂದು! ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಸಂಹಿತೆಯ ನಿಯಮವಾದುದರಿಂದ, ತಪ್ಪನ್ನು ಒಪ್ಪಿಕೊಂಡು ಪಕ್ಕದಲ್ಲಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದ್ದಾರೆ. ಹೆಸರು ಏನಾದರೂ ಇರಲಿ, ಅಕ್ಷರವು ಇದೆ. ನಕಾರಪೊಲ್ಲಿಗೂ ೨೦೨೧ರ ಆವೃತ್ತಿಯಲ್ಲಿ ಸ್ಥಾನವು ದೊರೆಯಿತು. ಆದುದರಿಂದ ‘ಕಂಪ್ಯೂಟರಿನಲ್ಲಿ ಬರುವುದಿಲ್ಲ’ ಎಂಬ ನೆಪವು ಈಗ ನಿಲ್ಲದು. ಪದ್ಯವನ್ನು ಶುದ್ಧವಾಗಿ ಬರೆದಿಟ್ಟರೆ, ಒಂದು ಕಾವ್ಯದಲ್ಲಿ ‘ಬಾೞ್’ ಎಲ್ಲೆಲ್ಲಿ ಬಂದಿದೆ, ‘ಬಾಳ್’ ಎಲ್ಲೆಲ್ಲಿ ಬಂದಿದೆ ಎಂಬುದನ್ನು ಯಂತ್ರವು ನಿಮಿಷಮಾತ್ರದಲ್ಲಿ ಬೇರ್ಪಡಿಸಿ ತೋರಿಸುತ್ತದೆ. ಹಿಂದೆ ಇದಕ್ಕೆ ಪದಸೂಚಿಯನ್ನು ಸಿದ್ಧಮಾಡುವುದರಲ್ಲಿ ವರ್ಷಗಳು ಕಳೆಯುತ್ತಿದ್ದವು. ಅಶುದ್ಧವಾಗಿ ಬರೆದಿಟ್ಟರೆ ಕತ್ತಿಯೂ ಬದುಕೂ ಒಂದೇ ರಾಶಿಯಲ್ಲಿ ಬೀಳುತ್ತವೆ. ಅವನ್ನು ಯಾವ ಯಂತ್ರವೂ ಬರಿಯ ಅಕ್ಷರದಿಂದ ಬಿಡಿಸಲಾರದು.

೬

ಎರಡನೆಯ ಷರತ್ತು ಕಿವಿಗೆ ಸಂಬಂಧಪಟ್ಟದ್ದು. ಪದ್ಯವನ್ನು ಬರೆದುಕೊಟ್ಟರೆ ಲಘುಗುರುಗಳನ್ನು ಗುರುತಿಸಿ ಛಂದಸ್ಸನ್ನು ಹೇಳುವ ಕಾರ್ಯಕ್ರಮಗಳನ್ನು ಗಣಕಯಂತ್ರಕ್ಕೆ ಬರೆಯಬಹುದು. ದೀರ್ಘವು ಗುರು, ಒತ್ತಕ್ಷರದ ಹಿಂದಿನದು ಗುರು ಎಂಬ ಸಾಮಾನ್ಯಲಕ್ಷಣವನ್ನು ಯಂತ್ರವು ನಮಗಿಂತ ತಪ್ಪಿಲ್ಲದೆ ಅನ್ವಯಿಸುತ್ತದೆ. ಆದರೆ ಕನ್ನಡಕ್ಕೆ ಶಿಥಿಲದ್ವಿತ್ವವೆಂಬ ಅಪವಾದವೊಂದುಂಟು. ಕೇಶಿರಾಜನು ಅದನ್ನು ಲಕ್ಷಣಗ್ರಂಥದಲ್ಲಿ ಹೇಳಿದ್ದಾನೆ. ‘ನೆಗೞ್ದ’ ಎಂಬಲ್ಲಿ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸಿದಾಗ ಗಕಾರವು ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಸಾಮಾನ್ಯವನ್ನು ಮಾತ್ರ ಬಲ್ಲ ಯಂತ್ರವು ಇಲ್ಲಿ ಗುರುವನ್ನು ಹಾಕಿ, ಕವಿಯ ಪದ್ಯವು ಛಂದೋಭಂಗವೆಂದು ತೀರ್ಪು ಕೊಡುತ್ತದೆ. ಅಪವಾದವನ್ನೂ ಅದಕ್ಕೆ ಕಲಿಸಬಹುದಲ್ಲ ಎಂದರೆ, ಕಲಿಸಬಹುದು. ಆದರೆ ಕಲಿಸುವವನಿಗೆ ಅದು ಮೊದಲು ಕಿವಿಯಲ್ಲಿ ನಿಂತಿರಬೇಕು. ಬಾಯ್ದೆರೆದು ಪದ್ಯವನ್ನು ಓದಿದವನಿಗೆ, ಓದಿದ್ದನ್ನು ಕೇಳಿದವನಿಗೆ ಮಾತ್ರ ಅದು ನಿಲ್ಲುತ್ತದೆ. ವಾಚನವನ್ನು ಬಿಟ್ಟು ಪರದೆಯನ್ನು ಹಿಡಿದ ತರಗತಿಯಿಂದ, ಯಂತ್ರದ ತಪ್ಪನ್ನು ಕಂಡುಹಿಡಿಯುವ ವಿದ್ಯಾರ್ಥಿಯು ಹೊರಬರಲಾರನು.

೨೦೨೨ರ ನವೆಂಬರ್ ತಿಂಗಳಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲೆ ಈ ಮಾತು ಇನ್ನೂ ಮುಖ್ಯವಾಗಿದೆ. ಪದ್ಯವನ್ನು ಕೊಟ್ಟು ಅರ್ಥವನ್ನು ಕೇಳಿದರೆ ಅಂತಹ ಯಂತ್ರಗಳು ನಿಸ್ಸಂಕೋಚವಾಗಿ, ನಯವಾದ ಹೊಸಗನ್ನಡದಲ್ಲಿ ಉತ್ತರವನ್ನು ಕೊಡುತ್ತವೆ. ಉತ್ತರವು ಸರಿಯಾಗಿರಬಹುದು, ಇಲ್ಲದೆಯೂ ಇರಬಹುದು. ಎರಡರಲ್ಲಿಯೂ ಮಾತಿನ ಧಾಟಿ ಒಂದೇ ಆಗಿರುವುದೇ ಕಷ್ಟ. ಪದಚ್ಛೇದವನ್ನೂ ಅನ್ವಯವನ್ನೂ ಮಾಡಬಲ್ಲವನು ಆ ಉತ್ತರವನ್ನು ಪದ್ಯದೊಡನೆ ಹೋಲಿಸಿ, ಕೂಡುವುದನ್ನು ಸ್ವೀಕರಿಸಿ, ಕೂಡದ್ದನ್ನು ತಳ್ಳುತ್ತಾನೆ; ಅವನಿಗೆ ಯಂತ್ರವು ಒಬ್ಬ ಸಹಪಾಠಿ. ಮಾಡಲಾರದವನಿಗೆ ಅದು ಗುರುವಾಗಿ ಕೂರುತ್ತದೆ. ಪ್ರಶ್ನಿಸಲು ಬಾರದ ಶಿಷ್ಯ, ಸಂಶಯವನ್ನು ಹೇಳಿಕೊಳ್ಳಲು ಬಾರದ ಗುರು!

೭

ಇಷ್ಟರಿಂದ ಸಿದ್ಧವಾದುದನ್ನು ಹೇಳಿ ಮುಗಿಸುವೆನು. ಆಗಮಕಾಲದಲ್ಲಿ, ಎಂದರೆ ತರಗತಿಯ ಗಂಟೆಯಲ್ಲಿ, ಕಣ್ಣಿನಿಂದಲೇ ಆಗಬೇಕಾದ ಕಾರ್ಯಕ್ಕೆ ಮಾತ್ರ ಪರದೆಯನ್ನು ಬೆಳಗಿಸಬೇಕು: ಶಾಸನದ ಲಿಪಿ, ಓಲೆಗರಿಯ ಪಾಠಾಂತರ, ಕಾವ್ಯದಲ್ಲಿ ಬರುವ ಸ್ಥಳದ ನಕ್ಷೆ, ಇಂಥವು. ಪದ್ಯದ ವಾಚನ, ಛೇದ, ಅನ್ವಯಗಳ ಹೊತ್ತಿಗೆ ಅದನ್ನು ಆರಿಸಿ, ಅಧ್ಯಾಪಕನ ಕಂಠವೂ ವಿದ್ಯಾರ್ಥಿಯ ಕೈಯಲ್ಲಿನ ಪುಸ್ತಕವೂ ಇದ್ದರೆ ಸಾಕು. ಅರ್ಥವನ್ನು ತೋರಿಸಲೇಬೇಕಾದರೆ, ವಿದ್ಯಾರ್ಥಿಗಳು ತಾವು ಹೇಳಿದ ಮೇಲೆ ತೋರಿಸಬೇಕು.

ಸ್ವಾಧ್ಯಾಯಕಾಲದಲ್ಲಿ ಯಂತ್ರವನ್ನು ಕೈಬಿಚ್ಚಿ ಕೊಡಬೇಕು. ಒಳ್ಳೆಯ ವಾಚಕನ ಧ್ವನಿಯನ್ನು ಹಿಡಿದಿಟ್ಟು ಹತ್ತು ಸಲ ಕೇಳುವುದು, ನಿಘಂಟನ್ನು ನೋಡುವುದು, ಒಂದು ಪದದ ಪ್ರಯೋಗಗಳನ್ನೆಲ್ಲ ಹುಡುಕಿ ಹೋಲಿಸುವುದು: ಇವು ಹಿಂದಿನ ಬಡ ವಿದ್ಯಾರ್ಥಿಗೆ ಕನಸಿನಲ್ಲಿಯೂ ಎಟುಕುತ್ತಿರಲಿಲ್ಲ. ಪಾಠಶಾಲೆಯಲ್ಲಿ ಒಂದೇ ಅಮರಕೋಶವನ್ನು ಏಳು ಮಂದಿ ಸುತ್ತ ಕುಳಿತು ಓದಿದ ನಾನು ಈ ಉಪಕಾರವನ್ನು ಅಲ್ಲಗಳೆದರೆ ಕೃತಘ್ನನಾದೇನು. ಪ್ರವಚನಕಾಲಕ್ಕಾಗಿ ಸಿದ್ಧನಾಗುವ ಅಧ್ಯಾಪಕನಿಗೂ, ಗ್ರಂಥಸಂಪಾದನೆಯೇ ಮೊದಲಾದ ವ್ಯವಹಾರದಲ್ಲಿ ತೊಡಗಿದ ಪಂಡಿತನಿಗೂ ಇದೇ ಮಾತು ಸಲ್ಲುತ್ತದೆ.

ಇದಕ್ಕೆ ಬೇಕಾದುದು ಇನ್ನಷ್ಟು ಪರದೆಗಳಲ್ಲ. ಱ, ೞ ಮೊದಲಾದವುಗಳನ್ನು ಉಳಿಸಿಕೊಂಡು ಶುದ್ಧವಾಗಿ ತಿದ್ದಿದ ಕಾವ್ಯಗಳ ಡಿಜಿಟಲ್ ಪಾಠಗಳು ಬೇಕು. ಅವುಗಳನ್ನು ಛಂದಸ್ಸಿಗೆ ಸರಿಯಾಗಿ, ಶಿಥಿಲದ್ವಿತ್ವವನ್ನು ತೇಲಿಸಿ ಓದಿದ ಧ್ವನಿಮುದ್ರಣಗಳು ಬೇಕು. ಇದು ವಿದ್ವತ್ಪರಿಷತ್ತುಗಳು ವಹಿಸಿಕೊಳ್ಳತಕ್ಕ ಕಾರ್ಯ. ಹಾಗೆ ಓದಬಲ್ಲವರು ಈಗಲೂ ಇದ್ದಾರೆ. ಆದರೆ ಅವರಲ್ಲಿ ಬಹುಮಂದಿ ವೃದ್ಧರು. ಯಾವ ಕಾಲೇಜಿನಲ್ಲಿ ಎಷ್ಟು ಕೋಣೆಗಳಿಗೆ ಪ್ರೊಜೆಕ್ಟರುಗಳಿವೆ ಎಂದು ಎಣಿಸುವವರು, ಆ ಕೋಣೆಗಳಿಂದ ಹೊರಬಂದವರಲ್ಲಿ ಒಂದು ಕಂದಪದ್ಯವನ್ನು ತಡವರಿಸದೆ ಓದಬಲ್ಲವರು ಎಷ್ಟು ಮಂದಿ ಎಂಬುದನ್ನೂ ಎಣಿಸುವಂತಾದರೆ, ಈ ಸಾಧನವು ಬಂದುದು ಸಾರ್ಥಕವಾಯಿತೆ ಇಲ್ಲವೆ ಎಂಬುದು ತಾನಾಗಿಯೇ ತಿಳಿಯುವುದು.